ಸದ್ದು ತೆಗೆದು ತೋರಿಸಪ್ಪ

ನಾನು ಮಾಡಬೇಕಾಗಿದ್ದ ಕೆಲಸ ತೀರಾ ಸಣ್ಣದು. ನಾಲ್ಕು ಜನ ಸೇರಿದ ಕಡೆ ನಮ್ಮಕ್ಕ ನನ್ನ ತೋಳು ತಟ್ಟಿ "ಏನಂದ್ರೋ?" ಎಂದು ಕೇಳಿದಾಗ, ಅವರು ಅಂದದ್ದನ್ನು ಅವಳಿಗೆ ಹೇಳುವುದು. ಅಷ್ಟನ್ನೂ ನಾನು ಮಾಡಲಿಲ್ಲ. "ಏನಿಲ್ಲ ಬಿಡು" ಅಂದೆ. ಪ್ರತಿ ಸಲವೂ ಅದನ್ನೇ ಅಂದೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಹೊಟ್ಟೆಪಾಡು. ಎಂಟನೇ ಕ್ಲಾಸಿಗೇ ಪುಸ್ತಕ ಮಡಿಚಿಟ್ಟವನಿಗೆ ದೇವರು ಕೊಟ್ಟ ಆಸ್ತಿ ಈ ಗಂಟಲೊಂದೇ. ಯಾರದೋ ಟೊಮೆಟೊಗೆ ಬೆಳಗಿನಿಂದ ಕೂಗಿ ಕೂಗಿ ಸುಸ್ತಾಗದವನಿಗೆ, ಒಡಹುಟ್ಟಿದವಳಿಗೆ ಒಂದು ಮಾತು ತಲುಪಿಸಲು ಆಯಾಸ ನೋಡಿ!

ಅದು ನನ್ನ ಕಥೆ. ಅಕ್ಕನ ಕಥೆಯೇ ಬೇರೆ. ಟಿವಿ ಪರೀಕ್ಷೆ ಮಾಡುವುದರಲ್ಲಿ ನಮ್ಮ ಜಿಲ್ಲೆಯಲ್ಲಿ ಅವಳನ್ನು ಮೀರಿಸುವವರು ಯಾರೂ ಇಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅವಳಿಗೆ ಕಿವಿ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಚಿಕ್ಕಂದಿನಲ್ಲಿ ಜ್ವರ ಬಂದು ಹೋಗುವಾಗ ಕಿವಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಆಮೇಲೆ ಅವಳು ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ತಾನೇ ಕಲಿತಳು. ಮಧ್ಯೆ ಒಮ್ಮೆ ಕಿವಿಗೆ ಹಾಕುವ ಯಂತ್ರವೂ ಬಂತು. ನಾಲ್ಕು ದಿನ ಹಾಕಿಕೊಂಡಳು, ತೆಗೆದು ಹೊಲಿಗೆಯ ಗುಂಡಿಗಳ ಡಬ್ಬಿಗೆ ಹಾಕಿದಳು. ಯಾಕೆಂದರೆ, "ಮಿಕ್ಸಿ ಚೆನ್ನಾಗಿ ಕೇಳ್ಸತ್ತೆ, ಮನುಷ್ಯರು ಕೇಳ್ಸಲ್ಲ. ಮಿಕ್ಸಿ ಜೊತೆ ನಂಗೇನು ಮಾತು?" ಇದಕ್ಕೆ ನೀವೇನು ಹೇಳುತ್ತೀರಿ?

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಬ್ಲೌಸ್ ಹೊಲಿಯುತ್ತಾಳೆ. ಹೊಲಿಯುತ್ತಲೇ ಟಿವಿ ನೋಡುತ್ತಾಳೆ. ತೆಲುಗಿನಲ್ಲಿ ತೆಗೆದ ಧಾರಾವಾಹಿಗಳಿಗೆ ಕನ್ನಡದ ದನಿ ಕೂರಿಸಿರುತ್ತಾರಲ್ಲ, ಅದೆಂದರೆ ಅವಳಿಗೆ ಹಬ್ಬ. ನಾವು ಕೇಳುವುದು ಕನ್ನಡ, ತುಟಿ ಆಡುವುದು ತೆಲುಗು. ನಮ್ಮ ಕಡೆ ತೆಲುಗು ಬಾರದವರು ಯಾರು? ಅತ್ತೆ ಸೊಸೆಗೆ ಬಹಳ ಮರ್ಯಾದೆಯಿಂದ "ಬಾಮ್ಮ, ಕೂತ್ಕೋ" ಅನ್ನುತ್ತಿದ್ದರೆ ಅಕ್ಕ ಕಿಸಕ್ಕನೆ ನಗುತ್ತಾಳೆ. "ಕೂತ್ಕೋ ಅಂದಿಲ್ಲ ಕಣೋ ಅವಳು. ಬೈದಳು." ಹೀಗೆ ನಾವೆಲ್ಲ ಒಂದು ಧಾರಾವಾಹಿ ನೋಡಿದರೆ ಅವಳು ಇನ್ನೊಂದನ್ನು ನೋಡುತ್ತಿದ್ದಳು. ಅವಳದ್ದೇ ಚೆನ್ನಾಗಿತ್ತು.

ತೊಂದರೆ ಇದ್ದದ್ದು ಹಳೆಯ ಟಿವಿಯಲ್ಲಿ. ಅದರಲ್ಲಿ ವಾರ್ತೆ ಓದುವವಳ ಬಾಯಿ ಹುಣಸೆಬೀಜದಷ್ಟು ಕಾಣುತ್ತಿತ್ತು. ಅಕ್ಕ ಮೂಗು ತಾಗಿಸಿಕೊಂಡು ಕೂರುತ್ತಿದ್ದಳು. ಒಂದು ದಿನ ಹೊಲಿಗೆ ನಿಲ್ಲಿಸಿ ಎದ್ದು ಬಂದಳು. ತನ್ನ ದುಡಿಮೆಯಲ್ಲೇ ಟಿವಿ ತೆಗೆದುಕೊಳ್ಳುತ್ತಾಳಂತೆ. ಬೆಲೆ ಕಡಿಮೆ ಇರಬೇಕು, ಪರದೆ ದೊಡ್ಡದಿರಬೇಕು, ಮುಖ ಮನುಷ್ಯರ ಮುಖದಷ್ಟೇ ಇರಬೇಕು. ನನ್ನ ಹೆಂಡತಿ, ಕೇಳಿಸದವರಿಗೆ ಇಷ್ಟು ದೊಡ್ಡದು ಯಾಕೆ ಎಂದು ನನ್ನನ್ನು ಕೇಳಿದಳು. ನನ್ನನ್ನು ಕೇಳಿದ್ದು, ಅಕ್ಕನ ಕಡೆ ಬೆನ್ನು ಹಾಕಿ. "ಏನಂದ್ಳೋ?" ಅಂದಳು ಅಕ್ಕ. ನಾನು ಏನಂದೆ ಎಂದು ನಿಮಗೆ ಗೊತ್ತೇ ಇದೆ.

ಮೊದಲು ಚಿಂತಾಮಣಿಯ ಅಂಗಡಿ. ಅಲ್ಲಿಯ ಹುಡುಗ ಬಣ್ಣ ತೋರಿಸಲೆಂದು ಸಮುದ್ರದ ಮೀನುಗಳನ್ನು ಹಾಕಿದ. ಎಂಥ ಮೀನುಗಳು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಕ್ಕ ಒಂದು ನಿಮಿಷ ನೋಡಿ ಹೇಳಿದಳು, "ಮೀನು ಮಾತಾಡಲ್ಲಪ್ಪ. ಮನುಷ್ಯರನ್ನ ಹಾಕು." ಅವನು ಗಿಳಿ ಹಾಕಿದ. ಅವಳು ಹೊರಗೆ ನಡೆದಳು.

ಆಮೇಲೆ ಶಿಡ್ಲಘಟ್ಟ. ಆ ಅಂಗಡಿಯವನಿಗೆ ಸ್ಪೀಕರಿನ ಹುಚ್ಚು. ಗಾಜಿನ ಬಾಗಿಲು ನಡುಗುವ ಹಾಗೆ ಸದ್ದು ಏರಿಸಿದ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಅಕ್ಕ ಟಿವಿಯ ಬೆನ್ನ ಮೇಲೆ ಅಂಗೈ ಇಟ್ಟು, ಇದಕ್ಕೆ ಜ್ವರ ಬಂದಿದೆ ಅಂದಳು. ಆಮೇಲೆ, "ಸದ್ದು ತೆಗೆದು ತೋರಿಸಪ್ಪ." ಸದ್ದು ತೆಗೆದರೆ ಇದರಲ್ಲಿ ಏನಿದೆ ಎಂದು ಆ ಮನುಷ್ಯ ನಿಜವಾಗಿಯೂ ಕಂಗಾಲಾಗಿ ನನ್ನನ್ನು ಕೇಳಿದ. ಏನಿತ್ತು? ವಾರ್ತೆಯವಳು ಬಿರುಸಾಗಿ ಮಾತಾಡಿದಾಗಲೆಲ್ಲ ಅವಳ ತುಟಿ ಕಲಸಿದ ಮುದ್ದೆಯ ಹಾಗೆ ಮೆತ್ತಿಕೊಳ್ಳುತ್ತಿತ್ತು. ಅಕ್ಕ ತೋರಿಸುವ ತನಕ ಅದು ನನಗೂ ಕಂಡಿರಲಿಲ್ಲ, ಅವನಿಗೂ ಕಂಡಿರಲಿಲ್ಲ.

ಕೊನೆಗೆ ಚಿಕ್ಕಬಳ್ಳಾಪುರ. ಹೆದ್ದಾರಿ ಪಕ್ಕದ ದೊಡ್ಡ ಅಂಗಡಿ, ಒಳಗೆಲ್ಲ ತಣ್ಣನೆಯ ಗಾಳಿ. ಅಕ್ಕನಿಗೆ ಕಿವಿ ಕೇಳುವುದಿಲ್ಲ ಎಂದು ನಾನು ಬಾಗಿಲಲ್ಲೇ ಹೇಳಿದ್ದೆ. ದೂರದ ಕೌಂಟರಿನಲ್ಲಿ ನಿಂತಿದ್ದವನು ಇನ್ನೊಬ್ಬನಿಗೆ ಪಿಸುಗುಟ್ಟಿದ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅಕ್ಕ ನಿಂತಲ್ಲಿಂದಲೇ ತೆಲುಗಿನಲ್ಲಿ ಉತ್ತರ ಕೊಟ್ಟಳು: "ಚಿನ್ನದಿ ವದ್ದು ನಾಯನಾ, ಪೆದ್ದದಿ ಚೂಪಿಂಚು." ಚಿಕ್ಕದು ಬೇಡವಂತೆ, ದೊಡ್ಡದನ್ನೇ ತೋರಿಸಬೇಕಂತೆ! ಆ ಕಿವುಡಮ್ಮನಿಗೆ ಚಿಕ್ಕದೊಂದು ತೋರಿಸಿ ಕಳಿಸು ಎಂದು ಅವನು ತೆಲುಗಿನಲ್ಲಿ ಅಂದಿದ್ದನಂತೆ. ಪಾಪ, ಆಮೇಲೆ ಅವನು ನಾವು ಹೊರಡುವ ತನಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದ.

ದೊಡ್ಡದು ಬಂತು. ಅಕ್ಕ ವಾರ್ತೆಯವಳ ಮುಂದೆ ನಿಂತು ಮುಖಕ್ಕೆ ಮುಖ ಅಳೆದಳು. ಸರಿಯಿತ್ತು. ಆಮೇಲೆ ಅಂಗಡಿಯ ಒಂದು ಮೂಲೆಗೆ ಹೋಗಿ, ಸ್ಟೂಲು ಎಳೆದುಕೊಂಡು ಕೂತು, ಇಲ್ಲದ ಹೊಲಿಗೆ ಯಂತ್ರವನ್ನು ಕಾಲಿನಿಂದ ತುಳಿಯತೊಡಗಿದಳು! ಕೈಯಲ್ಲಿ ಇಲ್ಲದ ಬಟ್ಟೆಯನ್ನು ಸರಿಸುತ್ತ, ಓರೆಗಣ್ಣಿನಲ್ಲಿ ಟಿವಿ ನೋಡುತ್ತ. ಮನೆಯಲ್ಲಿ ಅವಳು ಕೂರುವುದು ಪಕ್ಕದಿಂದ. ಪಕ್ಕದಿಂದ ನೋಡಿದರೆ ಅಗ್ಗದ ಟಿವಿಗಳಲ್ಲಿ ಮುಖ ಕಪ್ಪಿಡುತ್ತದೆ. ಪರೀಕ್ಷೆ ಸರಿಯಾದದ್ದೇ. ಆದರೆ ಜನ ನಿಂತು ನೋಡಿದರು, ಒಬ್ಬರು ಫೋನು ಎತ್ತಿ ವಿಡಿಯೊ ಹಿಡಿದರು. ನಾನು? ನಾನು ಫ್ರಿಜ್ಜುಗಳ ಸಾಲಿಗೆ ಹೋಗಿ ಒಂದರ ಬಾಗಿಲು ತೆಗೆದು ಅದರೊಳಗೆ ಮುಖ ಇಟ್ಟೆ. ತಣ್ಣಗಿತ್ತು.

ಈಗ ಯಾರಾದರೂ ಅದನ್ನು ನೆನಪಿಸಿ ನಕ್ಕರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಕುರ್ಚಿ ಕೊಳ್ಳುವಾಗ ಕೂತು ನೋಡುವುದಿಲ್ಲವೇ ನೀವು?

ಕೊನೆಗೆ ಅಂಗಡಿಯ ಹುಡುಗ ರಿಮೋಟು ತಂದು, ಇದು ಬುದ್ಧಿವಂತ ಟಿವಿ, ಬಾಯಲ್ಲಿ ಹೇಳಿದರೆ ಸಾಕು, ಕೇಳಿಸಿಕೊಳ್ಳುತ್ತದೆ ಅಂದ. ಗುಂಡಿ ಒತ್ತಿ "ಕನ್ನಡ ವಾರ್ತೆ" ಅಂದ. ಟಿವಿ ಅಡುಗೆ ತೋರಿಸಿತು. ಇನ್ನೂ ಜೋರಾಗಿ ಅಂದ. ಕ್ರಿಕೆಟ್ ತೋರಿಸಿತು. ಆಮೇಲೆ ರೇಗಿಕೊಂಡು ಕಿರುಚಿದ. ಟಿವಿ ಸುಮ್ಮನಾಯಿತು. ಅಕ್ಕ ಅವನ ಕೈ ಹಿಡಿದಳು. "ಅದನ್ನ ಬೈಬೇಡಪ್ಪ. ಎದುರಿಗೆ ನಿಂತು ನಿಧಾನಕ್ಕೆ ಹೇಳು."

ಅದನ್ನೇ ತೆಗೆದುಕೊಂಡೆವು. ನಮ್ಮ ಪಟ್ಟಿಯಲ್ಲಿ ಇನ್ನೂ ಗೌರಿಬಿದನೂರು ಇತ್ತು. ಅಲ್ಲಿಯವರು ಬದುಕಿಕೊಂಡರು.

ಗೋಡೆಗೆ ಟಿವಿ ಹತ್ತಿದ ಮೇಲೆ ಒಂದು ಮಧ್ಯಾಹ್ನ ನಾನೂ ಅಕ್ಕನೂ ಕೂತಿದ್ದೆವು. ಹೆಂಡತಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಸದ್ದಿಲ್ಲದ ಟಿವಿಯಲ್ಲಿ ಯಾರೋ ದೇಶದ ಸುದ್ದಿ ಹೇಳುತ್ತಿದ್ದರು, ಅಕ್ಕ ಕಾಜ ಹೊಲಿಯುತ್ತ ತಲೆಯಾಡಿಸುತ್ತಿದ್ದಳು. ತೃಪ್ತಿಯಾಯಿತೇ ಎಂದು ಅವಳ ಮೊಣಕಾಲು ತಟ್ಟಿ ಕೇಳಿದೆ.

"ಇವರು ನನ್ನ ಕಡೆ ತಿರುಗಿ ಮಾತಾಡ್ತಾರೆ ಕಣೋ," ಅಂದಳು. "ಇನ್ಮೇಲೆ ನಿನ್ನ ಕೇಳ್ಬೇಕಾಗಿಲ್ಲ."

ಕೋಪವೇನೂ ಇರಲಿಲ್ಲ. ನಾನು ನಕ್ಕೆ. ಇಷ್ಟು ಕಾಲ ಪೀಡೆ ಅಂದುಕೊಂಡಿದ್ದ ಆ ತೋಳು ತಟ್ಟುವಿಕೆ ಇನ್ನಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಕೇಳಕ್ಕ, ಕೇಳು, ಹೇಳ್ತೀನಿ ಅಂದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಹೇಳ್ತೀಯ? ನಿನ್ನ ಮಗಳ ನಾಮಕರಣದ ದಿನ ಎಲ್ಲಾ ಬಿದ್ದು ಬಿದ್ದು ನಕ್ಕರಲ್ಲ. ನೀನು ಏನಂದಿದ್ದೆ?"

ಆ ದಿನ ನಾನು ಅಂದದ್ದು ಇದು: ನಮ್ಮಕ್ಕನಿಗೆ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ, ಗೋಡೆ ತಿರುಗಿ "ಏನಂದೆ?" ಅಂತ ಕೇಳುವುದಿಲ್ಲ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರ ಜೊತೆ ಅಕ್ಕನೂ ನಕ್ಕಳು. ನಕ್ಕು, ನನ್ನ ತೋಳು ತಟ್ಟಿ ಕೇಳಿದಳು. ಏನಿಲ್ಲ ಬಿಡು ಅಂದೆ.

ಈಗ ರಿಮೋಟು ಕೈಗೆತ್ತಿಕೊಂಡೆ. ಅವಳೇ ಹೇಳಿದಳು. "ನೀನು ಕಿಟಕಿ ಎದುರಿಗೆ ಕೂತಿದ್ದೆ ಕಣಪ್ಪ. ಬೆಳಕು ಮುಖದ ಮೇಲೇ ಇತ್ತು."

ಗೊತ್ತಿದ್ದೂ ನೀನ್ಯಾಕೆ ನಕ್ಕೆ, ಮತ್ತೆ ನನ್ನನ್ನು ಯಾಕೆ ಕೇಳಿದೆ ಅಂದೆ.

"ಮಗು ನಾಮಕರಣ, ನಾನೊಬ್ಳು ಮುಖ ಊದಿಸ್ಕೊಂಡು ಕೂರ್ಲಾ? ನೀನಾಗಿ ಹೇಳ್ತೀಯೇನೋ ಅಂತ ಕೇಳ್ದೆ."

ತಲೆ ಬಗ್ಗಿಸಿಕೊಂಡು ಏನೋ ಗೊಣಗಿದೆ. ನೆಲಕ್ಕೆ ಹೇಳಿದರೆ ತನಗೆ ಹೇಗೆ ಕಾಣಬೇಕು ಅಂದಳು ಅಕ್ಕ. ಎದ್ದು ಹೋಗಿ ಅವಳೆದುರು ಮಂಡಿಯೂರಿ ಕೂತೆ, ಮುಖ ಮೇಲೆತ್ತಿದೆ. ಅವಳಿಗೆ ಸದ್ದು ಬೇಕಿರಲಿಲ್ಲ. ಆದರೂ ನೆಂಟರ ಮುಂದೆ ಆ ಮಾತನ್ನು ಎಷ್ಟು ಗಟ್ಟಿಯಾಗಿ ಅಂದಿದ್ದೆನೋ ಅಷ್ಟೇ ಗಟ್ಟಿಯಾಗಿ, ಅಡುಗೆಮನೆಯಲ್ಲಿ ಲೋಟದ ಸದ್ದು ನಿಲ್ಲುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ:

"ಅಕ್ಕ, ನಾನು ನಿನ್ನನ್ನೇ ಆಡ್ಕೊಂಡು ಎಲ್ಲರನ್ನೂ ನಗಿಸ್ದೆ. ನೀನು ಕೇಳಿದಾಗ ಮುಚ್ಚಿಟ್ಟೆ. ತಪ್ಪಾಯ್ತು ಕಣಕ್ಕ."