ಒಬ್ಬರು ಬರ್ತಾರೆ, ಚಾ ಇಡಿ

ಮನುಕುಲದ ಒಂಟಿತನವನ್ನು ನಿವಾರಿಸಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಮಂಗಳವಾರ, ಬೆಳಗಿನ ನೀರುದೋಸೆಯ ನಂತರ. ಅದಕ್ಕೆ ಒಂದು ವಾರ ಸಾಕೆಂದು ನನ್ನ ಅಂದಾಜಾಗಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ನಂತೂರಿನ ಹತ್ತಿರ, ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಎನ್ನುವ ಹಳೆಯ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ನಮ್ಮ ವಾಸ. ಅಂದು ಟಿವಿಯ ಅಡಿಯಲ್ಲಿ ಓಡುವ ಅಕ್ಷರಗಳಲ್ಲಿ ಒಂದು ಪ್ರಕಟಣೆ ಬಂತು. ಸುರತ್ಕಲ್ ಕಡೆಯ ಯಾವುದೋ ವಿಜ್ಞಾನ ಸಂಘದವರ ಸ್ಪರ್ಧೆ. ಒಂಟಿ ಜನರು ಮುಖಾಮುಖಿ ಭೇಟಿಯಾಗಲು ನೆರವಾಗುವ ಭವಿಷ್ಯದ ಯಂತ್ರವೊಂದನ್ನು ವಿನ್ಯಾಸ ಮಾಡಬೇಕಂತೆ.

"ಶಾರದಾ, ಜನ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟಿದ್ದಾರೆ" ಎಂದೆ, ಟಿವಿಯಿಂದ ಕಣ್ಣು ತೆಗೆಯದೆ.

"ಹೌದಾ? ನನಗೆಂತ ಗೊತ್ತು? ನನಗೆ ಕಾಣುವುದು ನಿಮ್ಮ ಕುತ್ತಿಗೆಯ ಹಿಂಭಾಗ ಮಾತ್ರ" ಎಂದಳು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಬೇಸಗೆ ರಜೆಯೆಂದು ಮನೆಯಲ್ಲಿದ್ದಳು. ಈ ಯೋಜನೆಗೆ ಇದ್ದ ಏಕೈಕ ಅಡಚಣೆ ಅದು.

ನನ್ನ ಸಿದ್ಧಾಂತ ಸರಳವಾಗಿತ್ತು. ಫೋನಿನಲ್ಲಿ ಮುಖ ಕಾಣುತ್ತದೆ, ಮನುಷ್ಯ ಬರುವುದಿಲ್ಲ. ನನ್ನ ಯಂತ್ರ ಮನುಷ್ಯನನ್ನೇ ಬಾಗಿಲಿಗೆ ತರಬೇಕು! ಶಾರದೆಯ ಎರಡು ಹಳೆಯ ಪ್ಲಾಸ್ಟಿಕ್ ತಿಂಡಿ ಡಬ್ಬಿಗಳನ್ನು ಅವಳ ಅನುಮತಿಯಿಲ್ಲದೆ ಪಡೆದು, ಎರಡರಲ್ಲೂ ಮೈಕು, ಸ್ಪೀಕರು, ಒಂದು ಪುಟ್ಟ ಕ್ಯಾಮೆರಾ, ಒಂದು ಕೆಂಪು ದೀಪ ಕೂರಿಸಿದೆ. ಒಂದು ಡಬ್ಬಿ ಒಂದು ಮನೆಯಲ್ಲಿ, ಇನ್ನೊಂದು ಇನ್ನೊಂದು ಮನೆಯಲ್ಲಿ. ಒಂಟಿ ಮನುಷ್ಯನಿಗೆ ಬೇಸರವಾದರೆ ಕೂತಲ್ಲಿಂದಲೇ ‘ಬರ್ತೇನೆ’ ಎಂದರೆ ಸಾಕು. ಅತ್ತ ಮನೆಯ ಡಬ್ಬಿ ಧ್ವನಿ ಗುರುತಿಸಿ, "ಇಂಥವರು ಬರ್ತಾರೆ, ಚಾ ಇಡಿ" ಎಂದು ಘೋಷಿಸುತ್ತದೆ. ಧ್ವನಿಯ ಪರಿಚಯವಿಲ್ಲದಿದ್ದರೆ "ಒಬ್ಬರು ಬರ್ತಾರೆ" ಎನ್ನುತ್ತದೆ. ಕ್ಯಾಮೆರಾಕ್ಕೆ ಎರಡು ಮುಖ ಒಟ್ಟಿಗೆ ಕಾಣುವವರೆಗೆ ಕೆಂಪು ದೀಪ ಆರುವುದಿಲ್ಲ. ನಮ್ಮ ಊರಿನ ಜನಜೀವನವನ್ನು ಗಮನದಲ್ಲಿಟ್ಟು ಕನ್ನಡದ ‘ಬರ್ತೇನೆ’, ತುಳುವಿನ ‘ಬರ್ಪೆ’, ಕೊಂಕಣಿಯ ‘ಯೆತಾಂ’ ಮೂರನ್ನೂ ಅದಕ್ಕೆ ಕಲಿಸಿದೆ. ತಪ್ಪು ಕೇಳಿಸಿಕೊಂಡರೆ ತಿದ್ದಲು ಬೇಕೆಂದು, ಆ ಮಾತು ಬಂದ ನಾಲ್ಕು ಕ್ಷಣಗಳ ಧ್ವನಿಯನ್ನು ನಮ್ಮ ಮನೆಯ ಡಬ್ಬಿ ಜೋಪಾನವಾಗಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನೂ ಮಾಡಿದೆ.

ಇಷ್ಟೆಲ್ಲ ಯೋಚಿಸಿದ ಈ ತಲೆಗೆ ಒಂದೇ ಒಂದು ಸಂಗತಿ ಹೊಳೆಯಲಿಲ್ಲ. ನಮ್ಮ ಊರಿನಲ್ಲಿ ಹೊರಟು ಹೋಗುವವರು ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ!

ಪ್ರಯೋಗಕ್ಕೆ ಒಂಟಿ ಮನುಷ್ಯರೊಬ್ಬರು ಬೇಕಾಗಿತ್ತು. ಕೆಳಗಿನ ಮಹಡಿಯಲ್ಲಿ ಲೂಸಿ ಸಿಸ್ಟರ್ ಇದ್ದರು. ಕುವೈತಿನಲ್ಲಿ ನರ್ಸ್ ಆಗಿದ್ದವರು, ಆದ್ದರಿಂದ ಇಡೀ ಕಟ್ಟಡಕ್ಕೇ ಸಿಸ್ಟರ್. ಗಂಡ ಲಾರೆನ್ಸ್ ತೀರಿಹೋಗಿ ಎರಡು ವರ್ಷ. ಹನ್ನೊಂದು ವರ್ಷಗಳಿಂದ ನಾವು ಮೆಟ್ಟಿಲಲ್ಲಿ ಎದುರಾದಾಗ ತಲೆಯಾಡಿಸುವಷ್ಟು ಆತ್ಮೀಯರು. ಡಬ್ಬಿ ಹಿಡಿದು ಅವರ ಬಾಗಿಲಿಗೆ ಹೋದದ್ದೇ ನನ್ನ ಮೊದಲ ಭೇಟಿ.

"ಇದು ಎಂತ ಭಟ್ರೇ, ತಿಂಡಿಯಾ?"

"ಅಲ್ಲ ಸಿಸ್ಟರ್. ಇದು ನಿಮ್ಮ ಒಂಟಿತನ ಹೋಗಲಾಡಿಸುವ ಯಂತ್ರ."

ಅವರು ಡಬ್ಬಿಯನ್ನೂ ನನ್ನನ್ನೂ ಒಂದೇ ಅನುಮಾನದಿಂದ ನೋಡಿದರು. ಯಂತ್ರ ‘ಬರ್ತೇನೆ’ ಎಂಬ ಒಂದು ಮಾತನ್ನು ಮಾತ್ರ ಕೇಳಿ ಇಟ್ಟುಕೊಳ್ಳುತ್ತದೆ, ಬೇರೇನನ್ನೂ ಅಲ್ಲ ಎಂದು ವಿವರಿಸಿದೆ. "ಇರಲಿ, ಕಪಾಟಿನ ಮೇಲೆ ಇಡಿ" ಎಂದರು. ಕೂತುಕೊಳ್ಳಿ ಎಂದೂ ಹೇಳಿದರು. ನನಗೆ ಪುರುಸೊತ್ತಿರಲಿಲ್ಲ. ಒಂಟಿತನ ನಿವಾರಣೆಯ ಕೆಲಸ ಬಹಳ ಉಳಿದಿತ್ತು.

ಮರುದಿನ ಉಳ್ಳಾಲದಿಂದ ಶಾರದೆಯ ತಂಗಿ ವಸಂತಿ ಬಂದಳು. ಊಟ ಮಾಡಿ ಹೊರಟಳು. ನಮ್ಮವರು ಹೊರಡುವ ಕ್ರಮ ನಿಮಗೆ ಗೊತ್ತೇ ಇದೆ. ಕುರ್ಚಿಯಿಂದ ಏಳುವಾಗ "ಬರ್ಪೆ ಅಕ್ಕ." ಉಪ್ಪಿನಕಾಯಿ ಬಾಟಲಿ ಕಟ್ಟಿಕೊಳ್ಳುವಾಗ "ಬರ್ಪೆ." ಬಾಗಿಲಲ್ಲಿ ಚಪ್ಪಲಿ ಹಾಕುವಾಗ "ಬರ್ಪೆ." ಚಪ್ಪಲಿ ಹಾಕಿದ ಮೇಲೆ ನೆನಪಾದ ಒಂದು ಸುದ್ದಿಯನ್ನು ಅರ್ಧ ಗಂಟೆ ಹೇಳಿ ಮತ್ತೆ "ಬರ್ಪೆ." ಒಟ್ಟು ಎಂಟು ಸಲ. ಎಂಟು ಸಲವೂ ಕೆಳಗಿನ ಮನೆಯಲ್ಲಿ ನನ್ನ ಯಂತ್ರ ಕರ್ತವ್ಯನಿಷ್ಠೆಯಿಂದ ಘೋಷಿಸಿತು.

ವಸಂತಿ ಬಸ್ಸು ಹತ್ತಿ ಹೋದ ಮೇಲೆ ಬೆಲ್ಲಾಯಿತು. ದೊಡ್ಡ ಪಾತ್ರೆ ತುಂಬ ಚಾ ಹಿಡಿದುಕೊಂಡು ಲೂಸಿ ಸಿಸ್ಟರ್!

"ಎಲ್ಲಿ ಮಾರಾಯ್ರೆ ಆ ಎಂಟು ಜನ? ‘ಒಬ್ಬರು ಬರ್ತಾರೆ, ಒಬ್ಬರು ಬರ್ತಾರೆ’ ಅಂತ ನಿಮ್ಮ ಡಬ್ಬಿ ಬೊಬ್ಬೆ ಹೊಡೀತಾ ಉಂಟು. ನಾನು ನೈಟಿ ಬದಲಿಸಿ ಸೀರೆ ಉಟ್ಟು ಕೂತಿದ್ದೇನೆ!"

ಸಾಂಸ್ಕೃತಿಕ ಕಾರಣಗಳಿಂದಾದ ಸಣ್ಣ ದೋಷವೆಂದು ನಾನು ಸಮಜಾಯಿಷಿ ಕೊಟ್ಟೆ. ಶಾರದೆ ನನ್ನನ್ನು ನೋಡಿದ ನೋಟಕ್ಕೆ ಸಮಜಾಯಿಷಿ ಇರಲಿಲ್ಲ. ಸಿಸ್ಟರ್ ಉಟ್ಟ ಸೀರೆಯ ನೆರಿಗೆ ಹಿಡಿದುಕೊಂಡು ನಗುತ್ತಲೇ ಇಳಿದು ಹೋದರು.

ನಿಜವಾದ ಗ್ರಹಚಾರ ಶುರುವಾದದ್ದು ಅದರ ಮರುದಿನ ಮಧ್ಯಾಹ್ನ.

ಕರೆಂಟು ಹೋಗಿತ್ತು. ಫ್ಯಾನು ನಿಂತು, ಟಿವಿ ನಿಂತು, ಸೆಕೆಗೆ ಬೆವರು ಹನಿಯುವ ಸದ್ದೂ ಕೇಳುವಷ್ಟು ಮೌನ. ಹೆದ್ದಾರಿಯಲ್ಲೂ ಆ ಕ್ಷಣಕ್ಕೆ ಒಂದು ಲಾರಿಯಿರಲಿಲ್ಲ. ಸರಿಯಾಗಿ ಮೂರು ಗಂಟೆಗೆ, ಸೆಲ್ಲಿನಲ್ಲಿ ನಡೆಯುವ ನನ್ನ ಡಬ್ಬಿಯ ಕೆಂಪು ಕಣ್ಣು ತೆರೆಯಿತು.

"ಒಬ್ಬರು ಬರ್ತಾರೆ. ಚಾ ಇಡಿ."

ಬಾಗಿಲು ತೆರೆದು ನೋಡಿದೆ. ಮೆಟ್ಟಿಲು ಖಾಲಿ. ಕೆಳಗೆ ಸಿಸ್ಟರ್ ಮನೆಯ ಬಾಗಿಲು ಮುಚ್ಚಿತ್ತು. ಮೂರು ನಿಮಿಷ ಕಳೆದು ಯಂತ್ರ ಮತ್ತೆ ಹೇಳಿತು, "ಒಬ್ಬರು ಬರ್ತಾರೆ." ಯಾರೂ ಬರಲಿಲ್ಲ. ಮರುದಿನ ಮೂರಕ್ಕೆ ಮತ್ತೆ ಅದೇ. ಅದರ ಮರುದಿನವೂ ಅದೇ!

ಮೆಟ್ಟಿಲಲ್ಲಿ ಸಿಸ್ಟರ್ ಸಿಕ್ಕಾಗ ಸಹಜವಾಗಿ ಕೇಳುವಂತೆ ಕೇಳಿದೆ. "ಮಧ್ಯಾಹ್ನ ನಿಮ್ಮಲ್ಲಿಗೆ ಯಾರಾದರೂ ಬರ್ತಾರಾ?"

"ನನ್ನಲ್ಲಿಗೆ ಯಾರು ಬರ್ತಾರೆ ಭಟ್ರೇ?" ಎಂದರು ಅವರು.

ಸಿಸ್ಟರ್ ಧ್ವನಿಯನ್ನು ಯಂತ್ರಕ್ಕೆ ಮೊದಲ ದಿನವೇ ಪರಿಚಯಿಸಿದ್ದೆ. ಹಾಗಾದರೆ ಒಬ್ಬರೇ ಇರುವ ಮನೆಯಲ್ಲಿ ಈ ಅಪರಿಚಿತ ಧ್ವನಿ ಯಾರದು? ಯಂತ್ರ ಇಟ್ಟುಕೊಂಡಿದ್ದ ನಾಲ್ಕು ಕ್ಷಣಗಳ ಧ್ವನಿಯನ್ನು ಹಚ್ಚಿ ಕಿವಿಗೊಟ್ಟೆ. ಮೊದಲು ಬರೀ ಗರಗರ. ಆಮೇಲೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಮತ್ತೆ ಮೆಲ್ಲಗೆ, "ಯೆತಾಂ ಲೂಸಿ."

ಆ ಗಂಟಲಿನ ಸದ್ದನ್ನು ಒಂಬತ್ತು ವರ್ಷ ಮೆಟ್ಟಿಲಲ್ಲಿ ಕೇಳಿದವನು ನಾನು. ಲಾರೆನ್ಸ್! ಎರಡು ವರ್ಷಗಳ ಹಿಂದೆ ಇದೇ ಮೆಟ್ಟಿಲಿಳಿಸಿ ಅವರನ್ನು ಕೊನೆಯ ಸಲ ಆಸ್ಪತ್ರೆಗೆ ಕೊಂಡುಹೋಗುವಾಗ ನಾನು ಬಾಗಿಲ ಸಂದಿಯಿಂದ ನೋಡಿದ್ದೆ.

ಮೂವತ್ತೊಂದು ವರ್ಷ ವಿದ್ಯಾರ್ಥಿಗಳಿಗೆ ವೈಜ್ಞಾನಿಕ ಮನೋಭಾವ ಬೋಧಿಸಿದ ನಾನು ಆ ದಿನದಿಂದ ಬಚ್ಚಲಿಗೆ ಹೋಗುವಾಗಲೂ ಶಾರದೆಯನ್ನು ಬಾಗಿಲ ಹೊರಗೆ ನಿಲ್ಲಿಸತೊಡಗಿದೆ. ಕಾರಣ ಹೇಳಲಿಲ್ಲ. ಮುಂದಿನ ಮಧ್ಯಾಹ್ನ ಮೂರಕ್ಕೆ ಧೈರ್ಯ ಮಾಡಿ ಒಬ್ಬನೇ ಡಬ್ಬಿಯ ಎದುರು ಕೂತೆ. "ಒಬ್ಬರು ಬರ್ತಾರೆ" ಎಂದಿತು. ದೀಪ ಉರಿಯಿತು. ನಾನು ಕ್ಯಾಮೆರಾದತ್ತ ಬಾಗಿದೆ. ದೀಪ ತನ್ನಷ್ಟಕ್ಕೇ ಆರಿತು.

ದೀಪ ಆರುವುದು ಯಾವಾಗ? ಎರಡು ಮುಖ ಕಂಡಾಗ. ಕೂತವನು ನಾನೊಬ್ಬನೇ!

ನಾನು ಕಿರುಚಿದೆನೆಂದು ಶಾರದೆ ಹೇಳುತ್ತಾಳೆ. ನನಗೆ ನೆನಪಿಲ್ಲ. ಅವಳು ಓಡಿ ಬಂದು, ವಿಷಯ ಕೇಳಿ, ನನ್ನ ಹಿಂದಿನ ಗೋಡೆಯನ್ನು ತೋರಿಸಿದಳು. ಅಲ್ಲಿ ನನ್ನ ತಂದೆಯ ಫೋಟೋ. ಬದುಕಿದ್ದಾಗ ಒಮ್ಮೆಯೂ ನನ್ನ ಮುಖ ನೋಡಿ ಮಾತಾಡದ ತಂದೆಯನ್ನು ನನ್ನ ಯಂತ್ರ ಮುಖಾಮುಖಿ ಮಾಡಿಸಿಬಿಟ್ಟಿತ್ತು. ಆದರೆ ಲಾರೆನ್ಸ್ ಧ್ವನಿಗೆ ಗೋಡೆಯಲ್ಲಿ ಉತ್ತರವಿರಲಿಲ್ಲ. ಧ್ವನಿ ಕೇಳಿಸಿದಾಗ ಶಾರದೆಯೂ ನನ್ನ ಪಕ್ಕಕ್ಕೆ ಸರಿದು ಕೂತಳು.

ದೇವಸ್ಥಾನದಲ್ಲಿ ಪೂಜೆ ಮಾಡುವ ಅಣ್ಣನಿಗೆ ಫೋನು ಮಾಡಿದೆ. ಇಷ್ಟು ವರ್ಷ ಅವನ ತೀರ್ಥ, ಭಸ್ಮಗಳನ್ನು ಗೇಲಿ ಮಾಡಿದವನು ನಾನು.

"ಎಂತ ಮಾರಾಯ, ತೀರಿಹೋದವರಿಗೆ ಚಾ ಇಡ್ಲಿಕ್ಕೆ ಹೇಳುವ ಯಂತ್ರ ಮಾಡಿದೆಯಾ?" ಎಂದು ಅವನು ಹೊಟ್ಟೆ ತುಂಬ ನಕ್ಕ. ಕೊನೆಗೆ, "ಅಷ್ಟು ಹೆದರಿಕೆಯಾದ್ರೆ ಎರಡು ಹನಿ ತೀರ್ಥ ಪ್ರೋಕ್ಷಣೆ ಮಾಡು" ಎಂದ.

ಎರಡು ಹನಿ ಎಂದಿದ್ದ. ಹೆದರಿದವನಿಗೆ ಹನಿಯ ಲೆಕ್ಕ ಸಿಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ದೇವರ ಮುಂದಿದ್ದ ಇಡೀ ಗಿಂಡಿ ತೀರ್ಥ ಹೊಯ್ದೆ. "ಒಬ್ಬ... ಒಬ್ಬ... ಒಬ್ಬ..." ಎಂದು ತೊದಲಿ, ಸಣ್ಣಗೆ ಹೊಗೆಯುಗುಳಿ ಯಂತ್ರ ಸ್ತಬ್ಧವಾಯಿತು. ಮನೆಗೆ ಶಾಂತಿ ಬಂತು.

ಶಾಂತಿ ಒಂದು ದಿನ ಇತ್ತು. ಮರುದಿನ ಮೂರು ಗಂಟೆಗೆ ಬೆಲ್ಲು ಬಡಿಯಿತು. ಬಾಗಿಲಲ್ಲಿ ಸಿಸ್ಟರ್. ಕಣ್ಣು ಕೆಂಪಾಗಿತ್ತು.

"ಭಟ್ರೇ, ನಿಮ್ಮ ಡಬ್ಬಿ ಆ ಮಾತನ್ನು ಕೇಳಿ ಇಟ್ಟುಕೊಳ್ತದೆ ಅಂತ ಹೇಳಿದ್ರಲ್ಲ? ಲಾರೆನ್ಸ್ ಧ್ವನಿ ಅದರಲ್ಲಿ ಉಂಟಾ?"

ನಾನು ಹಿಂತಿರುಗಿ ಒದ್ದೆ ಡಬ್ಬಿಯನ್ನು ನೋಡಿದೆ.

"ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡ್ತಾರೆ ಅಂತ ಫೋನಿನಲ್ಲಿ ಮೆಸೇಜ್ ಹಾಕಿದ್ರು. ‘ಯೆತಾಂ ಲೂಸಿ’ ಅಂತ. ಅಷ್ಟೇ. ಆಮೇಲೆ ಅವರು ಬರಲಿಲ್ಲ. ಮೂರು ಗಂಟೆ ಅಂದ್ರೆ ಅವರ ಚಾದ ಹೊತ್ತು. ಆ ಹೊತ್ತಿಗೆ ನಾನು ಅದನ್ನು ಹಾಕಿ ಕೇಳ್ತೇನೆ. ನಿನ್ನೆ ಫೋನು ಬಕೆಟಿಗೆ ಬಿತ್ತು. ಅಂಗಡಿಯವ ಎಲ್ಲ ಹೋಯ್ತು ಅಂತ ಹೇಳಿದ."

ಇಷ್ಟು ದಿನ ನಾನು ಭೂತವೆಂದು ಹೆದರಿದ್ದು ಒಬ್ಬ ಹೆಂಗಸಿನ ಚಾದ ಹೊತ್ತಿಗೆ! ಆ ಧ್ವನಿ ಜಗತ್ತಿನಲ್ಲಿ ಉಳಿದದ್ದು ಒಂದೇ ಕಡೆ. ಅಲ್ಲಿಗೆ ನಾನು ಒಂದು ಗಿಂಡಿ ನೀರು ಹೊಯ್ದಿದ್ದೆ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಕದ್ದು ಕೇಳಿದ್ದನ್ನೂ, ಹೆದರಿದ್ದನ್ನೂ, ತೀರ್ಥವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ.

ಲಾರಿಯೊಂದು ಹೋಗಿ ಗಾಜು ಗಡಗಡ ಎಂದಿತು.

"ಲಾರೆನ್ಸ್‌ಗೆ ತೀರ್ಥ ಕೊಟ್ರಾ?" ಎಂದರು ಸಿಸ್ಟರ್. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಬುದ್ಧಿ ಓಡಿದ್ದು ಶಾರದೆಗೆ. ಡಬ್ಬಿಯ ಸೆಲ್ಲು ಕಿತ್ತು, ಒರೆಸಿ, ಅಡುಗೆಮನೆಯ ಕುಚ್ಚಲಕ್ಕಿ ಡ್ರಮ್ಮಿನಲ್ಲಿ ಹೂತಳು. ಒದ್ದೆಯಾದ ಫೋನನ್ನು ಅವಳ ಶಾಲೆಯ ಮಕ್ಕಳು ಹಾಗೆಯೇ ಒಣಗಿಸುತ್ತಾರಂತೆ. "ಕೂತ್ಕೊಳ್ಳಿ ಸಿಸ್ಟರ್, ಚಾ ಇಡ್ತೇನೆ" ಎಂದಳು.

ಮರುದಿನ ಮೂರಕ್ಕೆ ಸಿಸ್ಟರ್ ಬಂದರು. ಒಣಗಿತಾ ಎಂದು ಕೇಳಿದರು. ಇಲ್ಲ ಎಂದೆ. ಚಾ ಆಯಿತು. ಅದರ ಮರುದಿನವೂ ಬಂದರು, ಅವರು ಮಾಡಿದ ಕೇಕಿನ ಜೊತೆ. ಲಾರೆನ್ಸ್ ನನ್ನನ್ನು ‘ಮೆಟ್ಟಿಲಿನ ಭಟ್ಟರು’ ಎಂದು ಕರೆಯುತ್ತಿದ್ದದ್ದು, ಒಮ್ಮೆ ಚಾಕ್ಕೆ ಕರೆಯಬೇಕೆಂದು ಒಂಬತ್ತು ವರ್ಷ ಯೋಚಿಸಿದ್ದು ಆ ದಿನ ನನಗೆ ಗೊತ್ತಾಯಿತು. ಅಕ್ಕಿಯನ್ನು ನೋಡುತ್ತ ಮೂವರೂ ಕೂತೆವು.

ಮೂರನೇ ದಿನ ಡಬ್ಬಿಯನ್ನು ಹೊರತೆಗೆದು ಸೆಲ್ಲು ಹಾಕಿದೆ. ಗರಗರ ಎಂದಿತು. ಮತ್ತೆ ಗರಗರ. ಸಿಸ್ಟರ್ ಚಾದ ಲೋಟವನ್ನು ಕೆಳಗಿಟ್ಟು ಡಬ್ಬಿಯ ಹತ್ತಿರ ಬಗ್ಗಿದರು.

ಎರಡು ಸಲ ಗಂಟಲು ಸರಿಮಾಡಿದ ಸದ್ದು. "ಯೆತಾಂ ಲೂಸಿ."

ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ನನ್ನ ಕೈಯೂ ಗೊತ್ತಿಲ್ಲದೆ ಮುಗಿದಿತ್ತು. ಆ ಧ್ವನಿಯನ್ನು ಅವರ ಹೊಸ ಫೋನಿಗೆ ಹಾಕಿಕೊಟ್ಟು, ಇನ್ನೊಬ್ಬರ ಮನೆಯ ಮಾತು ಕೇಳುವ ಪಾಪ ಸಾಕೆಂದು ಸೆಲ್ಲು ಕಿತ್ತೆಸೆದು ಯಂತ್ರವನ್ನು ಮತ್ತೆ ಅಕ್ಕಿಯಲ್ಲೇ ಹೂತೆ. ಕೆಳಗಿನ ಡಬ್ಬಿಯನ್ನೂ ತರಲು ಹೊರಟಾಗ ಸಿಸ್ಟರ್, "ಅದು ಅಲ್ಲೇ ಇರಲಿ ಭಟ್ರೇ" ಎಂದರು. ಸ್ಪರ್ಧೆಗೆ ಅರ್ಜಿ ಕಳಿಸಲಿಲ್ಲ. ‘ಯಂತ್ರದ ಸದ್ಯದ ಸ್ಥಿತಿ’ ಎಂಬ ಕಾಲಂನಲ್ಲಿ ‘ಕುಚ್ಚಲಕ್ಕಿಯಲ್ಲಿದೆ’ ಎಂದು ಬರೆಯುವುದು ಹೇಗೆ?

ಮರುದಿನ ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಸರಿಯಾಗಿ ಮೂರಕ್ಕೆ ಅಡುಗೆಮನೆಯ ಡ್ರಮ್ಮಿನೊಳಗಿಂದ, ಮಣ್ಣಿನಡಿಯಿಂದ ಬಂದಂತೆ ಒಂದು ಧ್ವನಿ ಎದ್ದಿತು.

"ಒಬ್ಬರು ಬರ್ತಾರೆ. ಚಾ ಇಡಿ."

ನಾನು ಕುರ್ಚಿಯ ಮೇಲೆ ಕಾಲೆತ್ತಿ ಕೂತೆ. "ಶಾರದಾ! ಸೆಲ್ಲು ಇಲ್ಲದೆ ಮಾತಾಡ್ತಾ ಉಂಟು!"

ಅಷ್ಟರಲ್ಲಿ ಬೆಲ್ಲಾಯಿತು. ಸಿಸ್ಟರ್ ಬಂದು ಅವರ ಮಾಮೂಲಿ ಕುರ್ಚಿಯಲ್ಲಿ ಕೂತರು. "ಅವರು ‘ಯೆತಾಂ’ ಹೇಳ್ತಾರೆ, ನಾನು ಎದ್ದು ಬರ್ತೇನೆ. ಒಬ್ಬರಾದ್ರೂ ಬರ್ಬೇಕಲ್ಲ" ಎಂದರು.

ಶಾರದೆ ಮೂರು ಲೋಟ ಚಾ ತಂದಿಟ್ಟಳು. ಕುದಿಸಿ ಆಗಲೇ ಹೊತ್ತಾದಂತಿತ್ತು. "ಸೆಲ್ಲು ಹಾಕಿದ್ದು ನಾನೇ" ಎಂದಳು.

"ಮನೆಯಲ್ಲಿ ಬೇರೆ ಸೆಲ್ಲು ಎಲ್ಲಿತ್ತು?"

"ನಿಮ್ಮ ಟಿವಿ ರಿಮೋಟಿನಲ್ಲಿ."

ಅಂದಿನಿಂದ ನಮ್ಮ ಮನೆಯಲ್ಲಿ ರಿಮೋಟು ನಡೆಯುವುದಿಲ್ಲ. ಹೊಸ ಸೆಲ್ಲು ತರಲು ಎರಡು ಸಲ ಪೇಟೆಗೆ ಹೋಗಿ, ಬೇಕೆಂದೇ ಮರೆತು ಬಂದಿದ್ದೇನೆ ಎಂದು ನಾನು ಜಂಬದಿಂದ ಹೇಳಿಕೊಳ್ಳಬಹುದಿತ್ತು. ನಿಜಕ್ಕೂ ಮರೆತೆ. ಭವಿಷ್ಯದ ಯಂತ್ರ ಕಂಡುಹಿಡಿದ ಮನುಷ್ಯ ಬೇರೆ ದಾರಿ ಕಾಣದೆ, ಚಾ ಕುಡಿಯುತ್ತ, ಎದುರಿಗಿದ್ದವರ ಮುಖ ನೋಡಿಕೊಂಡು ಕೂತಿದ್ದಾನೆ.