ಬೆಳಕಿಗೆ ಹೆದರುವ ಟಕ್

"ಇವತ್ತು ಕತ್ತಲಾಗುವುದರೊಳಗೆ ಆ ಸದ್ದು ಎಲ್ಲಿಂದ ಬರ್ತಿದೆ ಅಂತ ನಾನು ಕಂಡುಹಿಡೀದೇ ಹೋದ್ರೆ, ನಾಳೆಯಿಂದ ಅಂಗಡಿ ಬಾಗಿಲೇ ತೆಗೆಯಲ್ಲ!"

ಭಾನುವಾರ ಬೆಳಗ್ಗೆ ಗಟ್ಟಿ ರಸ್ಕು ಕಡಿಯುತ್ತಾ ಕಿವಿಯಪ್ಪನವರು ಹೀಗೆ ಘೋಷಿಸಿದಾಗ ಅವರ ಹೆಂಡತಿ ತಲೆಯೆತ್ತಿಯೂ ನೋಡಲಿಲ್ಲ. ಅವರು ಕೋಟಿನ ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ಆರಿಸುತ್ತಿದ್ದರು. ಊರಿನ ವಾದ್ಯವೃಂದದವರು ಶುಕ್ರವಾರದ ಕಛೇರಿಗೆಂದು ಹೊಲಿಯಲು ಕೊಟ್ಟ ಕೋಟುಗಳು ಹದಿನೆಂಟು. ಹನ್ನೊಂದು ಮುಗಿದಿದ್ದವು, ಏಳು ಬಾಕಿ ಇದ್ದವು.

"ಯಾವ ಸದ್ದು?"

"ಟಕ್ ಅನ್ನುತ್ತಲ್ಲ, ಅದು!"

"ನನಗೇನೂ ಕೇಳಿಸ್ತಿಲ್ಲ."

"ನಿನಗೆ ಹೇಗೆ ಕೇಳಿಸುತ್ತೆ? ಕಿವಿ ಎಲ್ಲರಿಗೂ ಇರುತ್ತೆ. ಕೇಳೋ ವಿದ್ಯೆ ಎಲ್ಲರಿಗೂ ಇರುತ್ತಾ?"

ಈ ಜಂಬಕ್ಕೆ ಆಧಾರ ಇಲ್ಲದಿರಲಿಲ್ಲ. ಕಿವಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಮನೆಯ ಮುಂದಿನ ಕೋಣೆಯಲ್ಲೇ ಅವರ ರಿಪೇರಿ ಅಂಗಡಿ. ಫ್ಯಾನು, ಮಿಕ್ಸರು, ನೀರೆತ್ತುವ ಪಂಪು, ಏನೇ ಬರಲಿ, ಬಿಚ್ಚುವ ಮೊದಲು ಅವರು ಸ್ಕ್ರೂಡ್ರೈವರಿನ ಮೊನೆಯನ್ನು ಓಡುವ ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ಧ್ಯಾನಸ್ಥರಾಗುತ್ತಿದ್ದರು. ಆಮೇಲೆ "ಬೇರಿಂಗು!" ಎಂದು ತೀರ್ಪು ಕೊಡುತ್ತಿದ್ದರು. ಬಿಚ್ಚಿದರೆ ಬೇರಿಂಗೇ! ಎರಡು ಕೈಗೂ ಕೆಲಸವಿರುವುದರಿಂದ ಟಾರ್ಚು ಹಲ್ಲುಗಳ ನಡುವೆ. ಗಿರಾಕಿಗಳ ಫೋನು ಬಂದರೆ ಅದು ಭುಜಕ್ಕೂ ಕೆನ್ನೆಗೂ ನಡುವೆ. ಇಪ್ಪತ್ತೆರಡು ವರ್ಷದಿಂದ ಇದೇ ಭಂಗಿ.

ಆದರೆ ಕಿವಿಯಪ್ಪನವರು ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಹತ್ತು ದಿನಗಳಿಂದ ಆ ಬಲಗಿವಿ ಯಾರೋ ಒಳಗಿನಿಂದ ಬಿರಡೆ ಜಡಿದ ಹಾಗೆ ತುಂಬಿಕೊಂಡಿತ್ತು. ತಮ್ಮ ದನಿಯೇ ತಮಗೆ ಕೊಡದೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಗುಟ್ಟಾಗಿ ಅಂಗಡಿಯ ಮೂಲೆಯಲ್ಲಿ ಒಂಟಿಕಾಲಲ್ಲಿ ಕುಣಿದು ನೋಡಿದರು. ಮೂಗು ಹಿಡಿದು ಊದಿದರು. ಸ್ನಾನದ ನೀರು ಹೊಕ್ಕಿರಬೇಕೆಂದು ಸ್ನಾನವನ್ನೇ ಎರಡು ದಿನ ಬಿಟ್ಟರು. ಇದು ಮಾತ್ರ ಗುಟ್ಟಾಗಿ ಉಳಿಯಲಿಲ್ಲ. ಕಿವಿ ಕೈಕೊಟ್ಟರೆ ಅನ್ನ ಹೇಗೆ ಎಂಬ ಹೆದರಿಕೆ ಹಗಲೂ ರಾತ್ರಿ ಕಾಡುತ್ತಿತ್ತು. ಅದರ ಮೇಲೆ ಈ ಟಕ್!

ಬೇಟೆ ಶುರುವಾಯಿತು. ಸದ್ದು ಹೆಚ್ಚಾಗಿ ತಿನ್ನುವ ಹೊತ್ತಿಗೇ ಬರುತ್ತಿತ್ತಾದ್ದರಿಂದ ಮೊದಲ ಆರೋಪಿ ಊಟದ ಮೇಜು. ಅದನ್ನು ತಲೆಕೆಳಗು ಮಾಡಿ ನಾಲ್ಕು ಕಾಲನ್ನೂ ಬಿಗಿ ಮಾಡಿದರು. ಮುಗಿಯಿತೆಂದು ಆಕಳಿಸಿದರು. ಟಕ್! ಗೋಡೆ ಗಡಿಯಾರವನ್ನು ಕೆಳಗಿಳಿಸಿ ಹೊಟ್ಟೆ ಬಗೆದರು. ಗಡಿಯಾರ ನಿಂತಿತು, ಟಕ್ ನಿಲ್ಲಲಿಲ್ಲ. ಫ್ಯಾನು ನೆಲಕ್ಕಿಳಿಯಿತು. ಸ್ನಾನದ ಮನೆಯ ನಲ್ಲಿ ಕಳಚಿ, ನೀರು ಚಿಮ್ಮಿ, ಎರಡು ದಿನ ಬಾಕಿಯಿದ್ದ ಸ್ನಾನವೂ ಆಯಿತು!

ಮಧ್ಯಾಹ್ನದ ಹೊತ್ತಿಗೆ ಮಹಾ ಸಂಶೋಧನೆಯೊಂದು ಹೊಳೆಯಿತು.

"ಏ, ಬಾ ಇಲ್ಲಿ! ಗೊತ್ತಾಯ್ತು! ಟಾರ್ಚು ಬಾಯಲ್ಲಿಟ್ಟು ಎಲ್ಲಿ ಬೆಳಕು ಬಿಟ್ರೂ ಅದು ಗಪ್‌ಚಿಪ್. ಟಾರ್ಚು ಬಾಯಿಂದ ತೆಗೆದ ಕೂಡಲೇ ಟಕ್! ಅಂದ್ರೆ ಏನರ್ಥ?"

"ಏನರ್ಥ?"

"ಅದಕ್ಕೆ ಬೆಳಕು ಕಂಡ್ರೆ ಹೆದರಿಕೆ! ಯಂತ್ರ ಅಲ್ಲ ಕಣೇ, ಜೀವ! ಯಾವುದೋ ಹುಳ ಮನೆ ಸೇರಿಕೊಂಡಿದೆ!"

"ಆ ಹುಳ ಸ್ನಾನದ ಮನೆಗೂ ಬರುತ್ತಾ? ಅಂಗಡಿಗೂ ಬರುತ್ತಾ?"

"ಬರುತ್ತೆ. ನಾನು ಹೋದ ಕಡೆಯೆಲ್ಲ ಬರುತ್ತೆ!" ಕಿವಿಯಪ್ಪನವರು ದನಿ ತಗ್ಗಿಸಿದರು. "ಬಹಳ ಬುದ್ಧಿವಂತ ಹುಳ."

"ಹುಳ ಇರೋದು ನಿಜ ರೀ. ಎಲ್ಲಿದೆ ಅನ್ನೋದೂ ನನಗೆ ಗೊತ್ತು," ಎಂದು ಹೆಂಡತಿ ಹಣೆ ಚಚ್ಚಿಕೊಂಡು, ತರಕಾರಿ ತರಲು ಹೊರಟುಹೋದರು.

ಅದೇ ಎಡವಟ್ಟಾಯಿತು. ಅವರು ಮರಳಿ ಬರುವ ಹೊತ್ತಿಗೆ ಹೊಲಿಗೆ ಯಂತ್ರ ಐವತ್ತಮೂರು ತುಂಡುಗಳಾಗಿ, ಅರೆಹೊಲಿದ ಕೋಟೊಂದರ ಬೆನ್ನಿನ ಮೇಲೆ ಸಾಲಾಗಿ ಮಲಗಿತ್ತು! ನಡುವೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಕಿವಿಯಪ್ಪನವರು ಕೂತಿದ್ದರು.

"ರೀ! ಶುಕ್ರವಾರ ಕೋಟು ಕೊಡ್ಬೇಕು!"

ಕಿವಿಯಪ್ಪನವರು ಟಾರ್ಚು ತೆಗೆದರು. ಟಕ್! "ಹೆದರಬೇಡ. ಒಂದೇ ಗಂಟೆ. ಕಣ್ಣು ಮುಚ್ಚಿ ಜೋಡಿಸ್ತೀನಿ."

ಜೋಡಿಸಿದರು ಕೂಡ. ಆದರೆ ಯಂತ್ರ ಓಡಿಸಿದರೆ ನಾಲ್ಕು ಹೊಲಿಗೆಗೊಮ್ಮೆ ದಾರ ತುಂಡಾಗುತ್ತಿತ್ತು. ಎಲ್ಲೋ ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಕಿವಿಯೇ ಹೇಳಬೇಕು. ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚಿದರು. ಗುಂಯ್ ಎಂಬುದೊಂದು ಬಿಟ್ಟು ಬೇರೇನೂ ಇಲ್ಲ. ಎಡಗಿವಿಗೆ ಹಚ್ಚಿದರು. ಅದಕ್ಕೆ ಅಭ್ಯಾಸವಿಲ್ಲ. ಮತ್ತೆ ಬಲಕ್ಕೆ ಹಚ್ಚಿದರು. ಸಂಜೆಯವರೆಗೆ ಹಚ್ಚಿದ್ದೇ ಹಚ್ಚಿದ್ದು. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೆಂಡತಿಯ ಕಡೆ ತಿರುಗಲು ಹೋದರೆ ಕುತ್ತಿಗೆಯೂ ತಿರುಗಲಿಲ್ಲ. ಇಡೀ ಮೈ ತಿರುಗಿಸಿದರು.

"ಕಿವಿ ಹೋಯ್ತು ಕಣೇ," ಎಂದರು. ಜಂಬದ ಸುಳಿವೂ ಇರಲಿಲ್ಲ. "ಹತ್ತು ದಿನ ಆಯ್ತು. ನನಗೆ ಬೇರೆ ಕೆಲಸ ಏನೂ ಬರಲ್ಲ. ಏನು ಮಾಡ್ಲಿ?"

ಬೈಗುಳವನ್ನು ನಾಲಿಗೆಯ ತುದಿಗೆ ತಂದುಕೊಂಡಿದ್ದ ಹೆಂಡತಿ ಅದನ್ನು ಹಾಗೇ ನುಂಗಿದರು. ಅವರಿಗೂ ಹೆದರಿಕೆಯಾಗಿತ್ತು.

ಸೋಮವಾರ ಕಿವಿಯ ಡಾಕ್ಟರು ದೀಪ ಹಾಕಿ ಎರಡೂ ಕಿವಿ ಇಣುಕಿದರು. ಸಣ್ಣ ಕೋಣೆಯಲ್ಲಿ ಕೂರಿಸಿ ಕೀಂ, ಕುಂಯ್ ಎಂಬ ಸದ್ದೆಲ್ಲ ಕೇಳಿಸಿ ಪರೀಕ್ಷೆ ಮಾಡಿದರು. "ಕಿವಿ ಕನ್ನಡಿಯ ಹಾಗಿದೆ. ನೀವು ಹಲ್ಲಿನ ಡಾಕ್ಟರನ್ನ ನೋಡಿ," ಎಂದರು.

ಕಿವಿಯಪ್ಪನವರು ಕಕ್ಕಾಬಿಕ್ಕಿ! "ಕೇಳಿದ್ಯಾ? ಕಿವಿ ಮುಚ್ಚಿದೆ ಅಂದ್ರೆ ಬಾಯಿ ನೋಡಿಸ್ಕೋ ಅಂತಾರೆ! ಫ್ಯಾನು ಕೆಟ್ಟಿದೆ ಅಂತ ಬಂದವನಿಗೆ ನಾನು ನಿಮ್ಮ ಮನೆ ಬಾಗಿಲು ರಿಪೇರಿ ಮಾಡಿಸಿ ಅಂತೀನಾ?"

"ನೀವು ಟಕ್ ಅಂದಿದ್ದಕ್ಕೆ ಮೇಜು ಮಗುಚಿದವರು. ಸುಮ್ನೆ ನಡೀರಿ," ಎಂದು ಹೆಂಡತಿ ಎಳೆದುಕೊಂಡು ಹೋದರು.

ಹಲ್ಲಿನ ಡಾಕ್ಟರಮ್ಮ ಹಲ್ಲನ್ನು ಮುಟ್ಟಲೇ ಇಲ್ಲ. ಎರಡು ಬೆರಳನ್ನು ಕಿವಿಯ ಮುಂದೆ ಇಟ್ಟು, "ನಿಧಾನಕ್ಕೆ ಬಾಯಿ ತೆಗೀರಿ," ಎಂದರು.

ಟಕ್!

"ಬಂತು! ಬಂತು! ಹುಳ ಇಲ್ಲಿಗೂ ಬಂದಿದೆ!" ಕಿವಿಯಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ಬಂದಿಲ್ಲ ಸಾರ್, ನೀವೇ ಕರ್ಕೊಂಡು ಬಂದಿದೀರಿ. ನಿಮ್ಮ ದವಡೆಯ ಕೀಲು ಅದು. ಅಮ್ಮ, ನೀವೂ ಬೆರಳಿಟ್ಟು ನೋಡಿ."

ಹೆಂಡತಿ ಬೆರಳಿಟ್ಟರು. ಕಿವಿಯಪ್ಪನವರು ಬಾಯಿ ತೆಗೆದರು. ಟಕ್! ಮುಚ್ಚಿದರು. ಟಕ್! ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಭುಜಗಳು ಮಾತ್ರ ಕುಲುಕುತ್ತಿದ್ದವು.

ಟಾರ್ಚಿನ ಕಥೆ, ಫೋನಿನ ಕಥೆ, ಬಾಗಿದ ಕುತ್ತಿಗೆಯ ಕಥೆಯನ್ನೆಲ್ಲ ಕೇಳಿ ಡಾಕ್ಟರಮ್ಮ ಹೇಳಿದರು, "ದವಡೆಯ ಕೀಲು ಕಿವಿಗೆ ಒಂದೇ ಗೋಡೆಯ ನೆರೆಮನೆ. ಅಲ್ಲಿ ಜಗಳ ಆದ್ರೆ ಇಲ್ಲಿ ನೆಮ್ಮದಿ ಇರಲ್ಲ. ದವಡೆ, ಕುತ್ತಿಗೆ ಎರಡೂ ಬಿಗಿದು ಕೂತಿವೆ, ಅದಕ್ಕೇ ಕಿವಿ ತುಂಬಿದ ಹಾಗೆ ಆಗ್ತಿದೆ. ಟಾರ್ಚು ಕಚ್ಚಬಾರದು. ಫೋನು ಕೈಯಲ್ಲೇ ಹಿಡೀಬೇಕು. ರಸ್ಕು ಗಿಸ್ಕು ಬೇಡ, ಮೆತ್ತಗಿರೋದು ತಿನ್ನಿ. ಬಿಸಿ ಬಟ್ಟೆಯ ಶಾಖ, ಕುತ್ತಿಗೆಗೆ ನಾನು ತೋರಿಸೋ ವ್ಯಾಯಾಮ. ತುಟಿ ಮುಚ್ಚಿರ್ಲಿ, ಹಲ್ಲಿಗೆ ಹಲ್ಲು ತಾಗಬಾರದು. ಮಾತು ಕಡಿಮೆ ಮಾಡಿ. ಕಿವಿಗೆ ಏನನ್ನೂ ಒತ್ತಬೇಡಿ. ಮೂರು ವಾರ ನೋಡೋಣ."

"ಹಾಗಾದ್ರೆ ಕಿವಿ ಹೋಗಿಲ್ವಾ?"

"ಹೋಗಿಲ್ಲ."

ಕಿವಿಯಪ್ಪನವರ ಕಣ್ಣಲ್ಲಿ ನೀರಾಡಿತು. ಆ ಕ್ಷಣಕ್ಕೆ ಹಲ್ಲಿನ ಡಾಕ್ಟರಮ್ಮ ಅವರಿಗೆ ದೇವತೆಯಂತೆ ಕಂಡರು.

ಮನೆಗೆ ಬಂದರೆ ಹೊಲಿಗೆ ಯಂತ್ರ ಇನ್ನೂ ದಾರ ಕಡಿಯುತ್ತಾ ಕೂತಿತ್ತು. ಕಿವಿಗೆ ಒತ್ತುವಂತಿಲ್ಲ, ಹೆಚ್ಚು ಮಾತಾಡುವಂತಿಲ್ಲ. ಬೇರೆ ದಾರಿಯಿಲ್ಲದೆ ಸ್ಕ್ರೂಡ್ರೈವರನ್ನು ಹೆಂಡತಿಯ ಕೈಗೆ ಕೊಟ್ಟು, ಎಲ್ಲಿ ತಾಗಿಸಬೇಕೆಂದು ಸನ್ನೆ ಮಾಡಿದರು. ಹೆಂಡತಿ ಕಣ್ಣು ಮುಚ್ಚಲೂ ಇಲ್ಲ. "ಕೆಳಗಡೆ, ಎಡಕ್ಕೆ. ಏನೋ ಸಣ್ಣಗೆ ಉಜ್ಜುತ್ತಿದೆ," ಎಂದರು. ಕಿವಿಯಪ್ಪನವರು ಅಲ್ಲಿ ಒಂದು ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದರು. ಯಂತ್ರ ಬೆಣ್ಣೆಯ ಹಾಗೆ ಓಡಿತು! ಶುಕ್ರವಾರ ಹದಿನೆಂಟು ಕೋಟುಗಳೂ ವೇದಿಕೆ ಏರಿದವು.

ಅಂಗಡಿಯಲ್ಲೂ ಅದೇ ಏರ್ಪಾಡು ಮುಂದುವರಿಯಿತು. ಕೇಳುವುದು ಹೆಂಡತಿ, ಬಿಚ್ಚುವುದು ಗಂಡ. ಟಾರ್ಚನ್ನು ಪಟ್ಟಿ ಕಟ್ಟಿ ಹಣೆಗೇರಿಸಿದರು. ಗಿರಾಕಿಗಳ ಜೊತೆ ಮಾತೂ ಹೆಂಡತಿಯದೇ. "ಮೂರು ವಾರ ತಾನೇ? ಪಾಪ, ಅವಳಿಗೂ ಸ್ವಲ್ಪ ಗೊತ್ತಾಗ್ಲಿ, ಈ ವಿದ್ಯೆ ಎಷ್ಟು ಕಷ್ಟ ಅಂತ," ಎಂದು ಕಿವಿಯಪ್ಪನವರು ಸಮಾಧಾನ ಮಾಡಿಕೊಂಡರು. ಹೆಂಡತಿಗೆ ಕಷ್ಟವಾದ ಸೂಚನೆ ಮಾತ್ರ ಎಲ್ಲೂ ಕಾಣಲಿಲ್ಲ.

ಇಪ್ಪತ್ತನೆಯ ದಿನ ಬೆಳಗ್ಗೆ ಮುಖ ತೊಳೆಯುತ್ತಿದ್ದಾಗ ಬಲಗಿವಿ ಇದ್ದಕ್ಕಿದ್ದಂತೆ ತೆರೆದುಕೊಂಡಿತು. ನಲ್ಲಿಯ ನೀರಿನ ಸದ್ದು, ಪಕ್ಕದ ಮನೆಯ ಪೊರಕೆಯ ಸದ್ದು, ಬೀದಿಯ ಸೈಕಲ್ಲಿನ ಕಿರುಗುಡುವಿಕೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಕಿವಿಯಪ್ಪನವರು ಒದ್ದೆ ಮುಖದಲ್ಲೇ ನಕ್ಕರು. ಇಸ್ತ್ರಿ ಮಾಡಿದ ಅಂಗಿ ತೊಟ್ಟರು, ತಲೆ ಬಾಚಿದರು, ಪಟ್ಟಾಭಿಷೇಕಕ್ಕೆ ಹೊರಟವರ ಹಾಗೆ ಹೋಗಿ ಅಂಗಡಿಯ ಕುರ್ಚಿಯಲ್ಲಿ ಕೂತರು.

ಎದುರು ಫುಟ್‌ಪಾತಿನಲ್ಲಿ ಬೇಕರಿಯ ಯಜಮಾನಿ ಹಿಟ್ಟು ಕಲಸುವ ಯಂತ್ರವನ್ನು ಗಂಡನ ತಲೆಯ ಮೇಲೆ ಹೊರಿಸಿಕೊಂಡು ಬರುತ್ತಿದ್ದರು. ಹಳೆಯ ಗಿರಾಕಿ! ಕಿವಿಯಪ್ಪನವರು ಎದೆಯುಬ್ಬಿಸಿ ಕೂತರು. ಬೇಕರಿಯಮ್ಮ ಅಲ್ಲಿಂದಲೇ ಅಂಗಡಿಯೊಳಗೆ ಒಮ್ಮೆ ಕಣ್ಣು ಹಾಯಿಸಿದರು. ನಿಂತರು. ಗಂಡನ ತೋಳು ಜಗ್ಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು:

"ಇವತ್ತು ಅವರೊಬ್ಬರೇ ಕೂತಿದಾರೆ ರೀ, ಅಕ್ಕ ಇಲ್ಲ. ವಾಪಸ್ ನಡೀರಿ, ಆಮೇಲೆ ಬರೋಣ."

ರಸ್ತೆಯಾಚೆಯ ಆ ಪಿಸುಮಾತು ಒಂದಕ್ಷರವೂ ಬಿಡದೆ ಕೇಳಿಸಿತು. ಹಾಳಾದ ಕಿವಿ ಅಷ್ಟು ಚೆನ್ನಾಗಿ ವಾಸಿಯಾಗಿತ್ತು!

ಕಿವಿಯಪ್ಪನವರು ಉಬ್ಬಿಸಿದ ಎದೆಯನ್ನು ಇಳಿಸಿದರು. ಆಮೇಲೆ ಬಾಗಿಲಿಗೆ ಓಡಿ ಬಂದು ಕೈಬೀಸಿ ಕೂಗಿದರು:

"ಹೋಗ್ಬೇಡಿ ಅಮ್ಮಾ! ಒಳಗೇ ಇದಾರೆ, ಈಗಲೇ ಕರೀತೀನಿ!"