ಪ್ರೈವೇಟ್ ಡಬ್ಬಿಯ ಹಪ್ಪಳ

ಪದ್ಮಯ್ಯ ಮಾಷ್ಟ್ರ ದುಃಖ ಒಂದೇ: ಮಳೆಗಾಲಕ್ಕೆಂದು ಮಾಡಿಟ್ಟ ಹಲಸಿನ ಹಪ್ಪಳ ಮಳೆಗಾಲವನ್ನೇ ನೋಡುವುದಿಲ್ಲ. ಬೇಲಿಯಾಚೆಯ ಸಾರಮ್ಮ ಬರುತ್ತಾರೆ, ಹೆಂಡತಿ ಮೂಕಾಂಬಿಕಾ ಡಬ್ಬಿ ತೆಗೆಯುತ್ತಾಳೆ. ಮಳೆ ಜಡಿಯುವ ಆಟಿ ತಿಂಗಳಿಗೆ ಉಳಿಯುವುದು ಡಬ್ಬಿಯ ವಾಸನೆ ಮಾತ್ರ.

ಎಂಬತ್ತೊಂಬತ್ತರ ಮೇ ತಿಂಗಳಲ್ಲಿ ಪುತ್ತೂರಿನ ಕಾಲೇಜಿನವರು ಅವರನ್ನು ಹದಿನೈದು ದಿನದ ಕಂಪ್ಯೂಟರ್ ಪಾಠಕ್ಕೆ ಮಂಗಳೂರಿಗೆ ಕಳಿಸಿದರು. (ಕಂಪ್ಯೂಟರನ್ನು ಮುಟ್ಟಿದ್ದು ಎರಡು ಸಲ, ಒಮ್ಮೆ ಧೂಳು ಒರೆಸಲು.) ಅಲ್ಲಿ ಜ್ಞಾನೋದಯವಾಯಿತು. ಹೊಸ ಬಗೆಯ ಪ್ರೋಗ್ರಾಮಿನಲ್ಲಿ 'ಕ್ಲಾಸ್' ಎಂಬ ಸಂಸಾರವಂತೆ, ಅದರ ಸೊತ್ತಿಗೆಲ್ಲ ಹಣೆಪಟ್ಟಿಯಂತೆ. ಪಬ್ಲಿಕ್ ಎಂದರೆ ಯಾರು ಬೇಕಾದರೂ ಮುಟ್ಟಬಹುದು. ಪ್ರೊಟೆಕ್ಟೆಡ್ ಎಂದರೆ ಆ ಕ್ಲಾಸು ಮತ್ತು ಅದರಿಂದ ಹುಟ್ಟಿದವರು. ಪ್ರೈವೇಟ್ ಎಂದರೆ ಆ ಕ್ಲಾಸಿನ ಹೊರಗಿನ ನರಪಿಳ್ಳೆಯೂ ಮುಟ್ಟಬಾರದು.

ಬಂದ ಮರುದಿನವೇ ಡಬ್ಬಿಗಳಿಗೆ ಚೀಟಿ ಅಂಟಿತು. ಉಪ್ಪಿನಕಾಯಿ ಪಬ್ಲಿಕ್. ಬೆಲ್ಲ ಪ್ರೊಟೆಕ್ಟೆಡ್. ಹಪ್ಪಳಕ್ಕೆ ಕೆಂಪು ಶಾಯಿಯಲ್ಲಿ: ಪ್ರೈವೇಟ್.

ಸಂಜೆ ಪೇಟೆಯಿಂದ ಬಂದರೆ ಜಗಲಿಯವರೆಗೂ ಹಪ್ಪಳ ಕರಿದ ಪರಿಮಳ. ಒಳಗೆ ಸಾರಮ್ಮ ಕುರುಕುತ್ತಿದ್ದಾರೆ.

"ಚೀಟಿ ಓದಲಿಲ್ವಾ ಸಾರಮ್ಮಾ?"

"ಓದಿಯೇ ತೆಗೆದದ್ದು ಮಾಷ್ಟ್ರೆ. ನಮ್ಮ ಕಡಬ ಲೈನಿನಲ್ಲಿ ಕೈ ತೋರಿಸಿದಲ್ಲೆಲ್ಲ ನಿಂತು ಹತ್ತಿಸುದು ಪ್ರೈವೇಟ್ ಬಸ್ಸೇ ಅಲ್ವಾ? ಸರ್ಕಾರಿ ಅಂತ ಬರೆದಿದ್ರೆ ನಾನು ಕೈಯೇ ಹಾಕ್ತಿರ್ಲಿಲ್ಲ."

ಮಾಷ್ಟ್ರು ತಲೆ ಚಚ್ಚಿಕೊಂಡು ಇಡೀ ಪಾಠ ಒಪ್ಪಿಸಿದರು. ಮೂಕಾಂಬಿಕಾ ಗಮನವಿಟ್ಟು ಕೇಳಿದಳು. (ಅಪಶಕುನ.)

"ಹಾಗಾದ್ರೆ ಹೊರಗಿನವರಿಗೆ ಪ್ರೈವೇಟ್ ಸಿಗ್ಲಿಕ್ಕೆ ದಾರಿಯೇ ಇಲ್ವಾ?"

ಮಾಷ್ಟ್ರು ಪ್ರಾಮಾಣಿಕರು, ಅದೇ ಅವರ ದೌರ್ಬಲ್ಯ. "ಒಂದುಂಟು. ಕ್ಲಾಸೇ ಯಾರನ್ನಾದ್ರೂ ಫ್ರೆಂಡ್ ಅಂತ ಸಾರಿದ್ರೆ, ಅವರು ಮುಟ್ಬಹುದು."

"ಸಾರಮ್ಮ ನನ್ನ ಫ್ರೆಂಡು. ಮುಗೀತಲ್ಲ?"

"ನೀನು ಸಾರಿದ್ರೆ ಆಗುದಿಲ್ಲ. ಕ್ಲಾಸು ಸಾರ್ಬೇಕು!"

"ಇಲ್ಲಿ ಅರೆಯುದು ಯಾರು, ಕರಿಯುದು ಯಾರು? ಅಡುಗೆಕೋಣೆಯ ಕ್ಲಾಸು ನಾನಲ್ಲದೆ ಮತ್ತೆ ಯಾರು ಮಾರಾಯ್ರೆ?"

ತರ್ಕದಲ್ಲಿ ತಪ್ಪಿರಲಿಲ್ಲ. ಮೂಕಾಂಬಿಕಾ ಮುಂದುವರಿಸಿದಳು.

"ಮಗಳು ಅಪ್ಪಿ ನನ್ನಿಂದ ಹುಟ್ಟಿದವಳು, ಅವಳಿಗೆ ಬೆಲ್ಲ. ನೀವು ನನ್ನಿಂದ ಹುಟ್ಟಿದವರಾ?"

"ಎಂತ ಮಾತಾಡ್ತಿ!"

"ಮತ್ತೆ, ಫ್ರೆಂಡಾ?"

ಇಪ್ಪತ್ತು ವರ್ಷದ ದಾಂಪತ್ಯವನ್ನು ನೆನೆದು ಮಾಷ್ಟ್ರು ಆ ವಾದಕ್ಕೆ ಇಳಿಯಲಿಲ್ಲ.

ಮೊದಲ ಮಳೆ ಹನಿಯುವಾಗ ಅವರ ಬಟ್ಟಲಲ್ಲಿ ಗಂಜಿ ಇತ್ತು, ಬದಿಯಲ್ಲಿ ಪಬ್ಲಿಕ್ ಉಪ್ಪಿನಕಾಯಿ. ಸಾರಮ್ಮ ಹಪ್ಪಳದ ಕಟ್ಟನ್ನು ಸೆರಗಿನಡಿ ಹಿಡಿದು ಮನೆಗೆ ಹೊರಟಿದ್ದರು.

ಮಾಷ್ಟ್ರು ಆಚೀಚೆ ನೋಡಿದರು. ಓಡಿ ಹೋಗಿ ಬೇಲಿಯ ಪಕ್ಕ ನಿಂತು, ಬಸ್ಸಿಗೆಂಬಂತೆ ಕೈ ತೋರಿಸಿದರು.

ಪ್ರೈವೇಟ್ ನಿಂತಿತು.